ಬೇಡ ಎಂದವರ ಲೋಟ



ಶ್ರಾವಣ ಬಂತೆಂದರೆ ನಮ್ಮ ಮಠಗಳ ಅಂಗಳ ತುಂಬುತ್ತದೆ. ಹೊಲದಿಂದ ನೇರವಾಗಿ ಬಂದವರು, ಅಂಗಡಿಯ ಬಾಗಿಲನ್ನು ಅರ್ಧ ತಾಸು ಮೊದಲೇ ಎಳೆದು ಬಂದವರು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಂದಿರು ಎಲ್ಲರೂ ಸಂಜೆಯ ಪ್ರವಚನಕ್ಕೆ ಕೂಡುತ್ತಾರೆ. "ಈ ತಿಂಗಳು ಮುಟ್ಟೋದಿಲ್ರಿ" ಎಂದು ಕುಡಿತವನ್ನು ದೂರ ಇಟ್ಟವರೂ ಆ ಸಾಲಿನಲ್ಲಿ ಕೂತಿರುತ್ತಾರೆ. ಅವರಲ್ಲಿ ಕೆಲವರು ತಿಂಗಳು ಕಳೆದ ಮೇಲೂ ಆ ಕಡೆ ತಿರುಗಿ ನೋಡುವುದಿಲ್ಲ. ಇನ್ನು ಕೆಲವರು ತಿರುಗುತ್ತಾರೆ. ತಿರುಗಿದವರನ್ನು ದುರ್ಬಲರೆಂದು ನಾವು ಸುಲಭವಾಗಿ ಕರೆದುಬಿಡುತ್ತೇವೆ. ಅವರ ಕೈಗೆ ಮತ್ತೆ ಲೋಟ ಕೊಟ್ಟವರು ಯಾರು ಎಂದು ಮಾತ್ರ ಕೇಳುವುದಿಲ್ಲ.

ಈ ಸಂಚಿಕೆಯ ಸಿದ್ಧತೆಯಲ್ಲಿದ್ದಾಗ ಒಬ್ಬ ತಾಯಿಯ ಪತ್ರ ನಮ್ಮ ಕೈಸೇರಿತು. ಹೆಸರು, ಊರು ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ಅವರ ಅಣ್ಣ ಹದಿನೈದು ವರ್ಷ ಕುಡಿದವರು. ಮೂರು ವರ್ಷದ ಹಿಂದೆ ಶ್ರಾವಣದ ಪ್ರವಚನ ಮುಗಿದ ದಿನ ಪೂಜ್ಯರ ಜೋಳಿಗೆಗೆ ಆ ಚಟವನ್ನು ಹಾಕಿ ಬಂದರು. ಅಂದಿನಿಂದ ಇಷ್ಟಲಿಂಗ ಪೂಜೆ ತಪ್ಪಲಿಲ್ಲ, ಹೊಲ ಪಾಳು ಬೀಳಲಿಲ್ಲ, ಮನೆಯಲ್ಲಿ ಜಗಳವಿರಲಿಲ್ಲ. ಈ ವರ್ಷ ಹತ್ತಿರದ ಸಂಬಂಧಿಕರೊಬ್ಬರು ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡರು. ಮುಂಜಾನೆ ಪೂಜೆ, ಪೂಜ್ಯರ ಆಶೀರ್ವಚನ, ಮಧ್ಯಾಹ್ನ ಪ್ರಸಾದ. ರಾತ್ರಿ ಮಾಳಿಗೆಯ ಮೇಲೆ ಇನ್ನೊಂದು ಕೂಟ. ಅಣ್ಣನನ್ನೂ ಕರೆದರು. ಹೋಗದಿದ್ದರೆ ಬೇಸರ ಮಾಡಿಕೊಂಡಾರು ಎಂದು ಹೋದರು. ಲೋಟ ಮುಂದೆ ಬಂತು. ಬೇಡ ಎಂದರು. ಮತ್ತೆ ಬಂತು. ಬೇಡ ಎಂದು ಲೋಟದ ಮೇಲೆ ಕೈ ಮುಚ್ಚಿದರು. "ಒಂದ ಗುಟುಕಿಗೆ ಏನಾಗ್ತೈತಿ ಮಾವಾ, ಇವತ್ತ ನಮ್ಮ ಮನಿ ಶುಭಕಾರ್ಯ" ಎಂದರು ಒಬ್ಬರು. "ಮಾವ ಸ್ವಾಮಿ ಆಗ್ಯಾರ, ಬಿಡ್ರಿ" ಎಂದು ನಕ್ಕರು ಇನ್ನೊಬ್ಬರು. ಕೊನೆಗೆ ತಂಪು ಪಾನೀಯ ಎಂದು ಹೇಳಿ ಕೊಟ್ಟ ಲೋಟದಲ್ಲಿ ಮದ್ಯ ಬೆರೆಸಿದ್ದರು. ಕುಡಿದ ಮೇಲೆ ಗೊತ್ತಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಹೆಂಗೂ ವ್ರತ ಮುರೀತು" ಎಂದು ಅಣ್ಣ ಎರಡನೆಯ ಲೋಟವನ್ನು ತಾವೇ ಎತ್ತಿಕೊಂಡರು. ಆರು ತಿಂಗಳಾಯಿತು, ಇನ್ನೂ ಕೆಳಗಿಟ್ಟಿಲ್ಲ.

ಆ ತಾಯಿಯ ಪತ್ರದ ಕೊನೆಯ ಸಾಲುಗಳು ಹೀಗಿವೆ: "ನಮ್ಮ ಅಣ್ಣ ಮತ್ತ ಹಾಳಾಗಿದ್ದು ಸೆರೆ ಅಂಗಡ್ಯಾಗ ಅಲ್ರಿ, ಪೂಜೆ ಆದ ಮನ್ಯಾಗ. ಬಂದವರು ಬ್ಯಾಡ ಅಂದ್ರೂ ಕುಡಿಸೋದಕ್ಕ ಸತ್ಕಾರ ಅಂತಾರೇನ್ರಿ?"

ಈ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಹೊಣೆ. ಏಕೆಂದರೆ ಆ ಮಾಳಿಗೆಯ ಮೇಲೆ ಇದ್ದವರು ಪರಕೀಯರಲ್ಲ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ ಇದ್ದವರು. ಬಹುಶಃ ಈ ಪತ್ರಿಕೆಯ ಚಂದಾದಾರರೂ ಅವರಲ್ಲಿ ಇದ್ದಾರು.

ಮೊದಲು ಸತ್ಕಾರ ಎಂಬ ಮಾತನ್ನೇ ನೋಡೋಣ. ಮನೆಗೆ ಬಂದವರ ಕ್ಷೇಮ ವಿಚಾರಿಸಿದರೆ, ಕೂರಲು ಹೇಳಿದರೆ, ಅವರೊಡನೆ ಎರಡು ಮಾತನಾಡಿದರೆ ನಿಮ್ಮ ಸಂಪತ್ತಿನಲ್ಲಿ ಏನು ಕಡಿಮೆಯಾಗುತ್ತದೆ ಎಂಬ ಅರ್ಥದಲ್ಲಿ ಅಪ್ಪ ಬಸವಣ್ಣನವರು ಒಂದು ವಚನದಲ್ಲಿ ಕೇಳಿದ್ದಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಆ ವಚನ ಬಾಯಿಪಾಠ. ಅದರಲ್ಲಿ ತಿನಿಸಿನ ಪಟ್ಟಿ ಇಲ್ಲ, ಪಾನೀಯದ ಹೆಸರಿಲ್ಲ. ಬಂದವರ ಕಡೆಗೆ ಮುಖ ಮಾಡಿ ಅವರ ಮಾತನ್ನು ಕೇಳಿಸಿಕೊಳ್ಳುವುದೇ ಅಲ್ಲಿ ಸತ್ಕಾರ. ಶರಣರು ಕಟ್ಟಿಕೊಟ್ಟ ದಾಸೋಹದ ತಿರುಳೂ ಇದೇ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ದಾಸನಾದವನು ಬಂದವರ ಮನಸ್ಸನ್ನು ತಿಳಿದು ನಡೆಯಬೇಕೇ ಹೊರತು, ತನ್ನ ಮನಸ್ಸಿಗೆ ಬಂದದ್ದನ್ನು ಅವರ ಗಂಟಲಿಗೆ ಸುರಿಯಬಾರದು. ಬೇಡ ಎಂದವರ ಲೋಟ ತುಂಬಿಸುವಾಗ ಆ ಕೈ ದಾಸನದಲ್ಲ, ಒಡೆಯನದು.

ಮದ್ಯದ ಮಾತಿಗೆ ಬರುವ ಮೊದಲು ನಮ್ಮೆಲ್ಲರ ಮನೆಯ ಚಹಾದ ಮಾತು ಆಡಬೇಕು. ಏಕೆಂದರೆ ಬಲವಂತದ ಅಭ್ಯಾಸ ಶುರುವಾಗುವುದು ಅಲ್ಲಿಯೇ. ನಿಶ್ಚಯಕ್ಕೋ, ತೊಟ್ಟಿಲ ಕಾರ್ಯಕ್ಕೋ, ಕುಬಸಕ್ಕೋ ಬಂದವರಿಗೆ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಈಗ ಉತ್ತರದಲ್ಲಿ ಚಹಾ, ದಕ್ಷಿಣದಲ್ಲಿ ಕಾಫಿ ಆ ಜಾಗಕ್ಕೆ ಬಂದಿವೆ. ಅದರಲ್ಲಿ ತಪ್ಪಿಲ್ಲ. ಆದರೆ "ಬೇಡ್ರಿ, ಈಗಷ್ಟೇ ಕುಡಿದು ಬಂದೆ" ಎಂದರೆ "ನಮ್ಮ ಮನಿ ಚಾ ಕುಡಿಯಂಗಿಲ್ಲೇನು?" ಎಂದು ಕೇಳುತ್ತೇವೆ. "ಅರ್ಧ ಸಾಕು" ಎಂದರೆ ತುಂಬಿಸಿ ತರುತ್ತೇವೆ. "ಸಕ್ಕರೆ ಬೇಡ" ಎಂದರೆ "ಒಂದು ದಿನಕ್ಕೆ ಏನಾಗುತ್ತದೆ" ಎನ್ನುತ್ತೇವೆ. ಒಂದು ದಿನಕ್ಕೆ ಏನೂ ಆಗಲಿಕ್ಕಿಲ್ಲ. ಆದರೆ ಮದುವೆಯ ಕಾಲದಲ್ಲಿ ದಿನಕ್ಕೆ ಮೂರು ಮನೆಗೆ ಹೋಗುವ ಸಕ್ಕರೆ ಕಾಯಿಲೆಯವರಿಗೆ ಪ್ರತಿ ಮನೆಯದೂ 'ಒಂದು ದಿನ'ವೇ.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ವೈದ್ಯರು ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಹಾಕಿಕೊಟ್ಟಿರುತ್ತಾರೆ. ಅವರಿಗೆ ಒಂದು ಲೋಟ ಮಜ್ಜಿಗೆಯನ್ನು ಹೆಚ್ಚಾಗಿ ಕುಡಿಸುವುದೂ ಉಪಕಾರವಲ್ಲ. ರಕ್ತಹೀನತೆ ಇರುವ ಹೆಣ್ಣುಮಕ್ಕಳು, ಗರ್ಭಿಣಿಯರು ಊಟದ ಜೊತೆಗೇ ಚಹಾ ಕುಡಿದರೆ ಅನ್ನ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಇವೆಲ್ಲವನ್ನೂ ಅತಿಥಿ ನಾಲ್ಕು ಜನರ ನಡುವೆ ಬಿಡಿಸಿ ಹೇಳಬೇಕೆ? ತನ್ನ ರೋಗದ ಹೆಸರನ್ನು ಸಭೆಯಲ್ಲಿ ಸಾರಿದ ಮೇಲೆಯೇ ಅವನ 'ಬೇಡ'ಕ್ಕೆ ಬೆಲೆಯೇ? ಕಾರಣ ಕೇಳದೆ ಒಪ್ಪಿಕೊಳ್ಳುವುದೇ ಮರ್ಯಾದೆ.

ಇನ್ನೊಂದು ಮಾತು. ನಮಗೆ ಪ್ರಸಾದ ಕೆಡಿಸುವುದು ತಪ್ಪು. ಎಲೆಯಲ್ಲಿ ಒಂದು ಅಗುಳನ್ನೂ ಬಿಡದೆ, ತಟ್ಟೆಯನ್ನು ತೊಳೆದು ಕುಡಿಯುವ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅಷ್ಟಾವರಣದಲ್ಲಿ ಪಾದೋದಕ, ಪ್ರಸಾದ ಎರಡೂ ಇವೆ. ಕುಡಿಯುವುದೂ ಉಣ್ಣುವುದೂ ನಮ್ಮಲ್ಲಿ ಹೊಟ್ಟೆಯ ಮಾತು ಮಾತ್ರವಲ್ಲ. ಹೀಗಿರುವಾಗ ಅರ್ಧ ಸಾಕು ಎಂದವರಿಗೆ ಪೂರ್ತಿ ಲೋಟ ಕೊಟ್ಟರೆ ಅವರ ಮುಂದೆ ಎರಡೇ ದಾರಿ ಉಳಿಯುತ್ತವೆ. ಒಂದೋ ಮೈಯನ್ನು ಕೆಡಿಸಿಕೊಳ್ಳಬೇಕು, ಇಲ್ಲವೇ ಪ್ರಸಾದವನ್ನು ಕೆಡಿಸಬೇಕು. ಆ ಸಂಕಟಕ್ಕೆ ಅವರನ್ನು ನೂಕಿದ ದೋಷ ಯಾರದು?

ಈಗ ಮಾಳಿಗೆಯ ಮೇಲಿನ ಕೂಟಕ್ಕೆ ಬರೋಣ. ಲಿಂಗಾಯತ ಮನೆಗಳಲ್ಲಿ ಮದ್ಯ ಇಲ್ಲ ಎಂದು ನಮ್ಮನ್ನು ನಾವೇ ಮೋಸಗೊಳಿಸಿಕೊಳ್ಳುವುದು ಬೇಡ. ಮೊದಲು ಅದು ಊರ ಹೊರಗೆ ಇತ್ತು, ಆಮೇಲೆ ತೋಟದ ಮನೆಗೆ ಬಂತು, ಈಗ ಮಾಳಿಗೆಗೆ ಏರಿದೆ. ಕೆಳಗೆ ಹೆಣ್ಣುಮಕ್ಕಳು ಪಾತ್ರೆ ತೊಳೆಯುತ್ತಿದ್ದರೆ ಮೇಲೆ ಬಾಟಲಿಯ ಮುಚ್ಚಳ ತೆಗೆಯುವ ಸದ್ದು. ಮನೆಯ ಚಿಕ್ಕ ಹುಡುಗ ಮಂಜುಗಡ್ಡೆ, ಸೋಡಾ ಹೊತ್ತು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಅವನು ಅಂದು ಕಲಿಯುವ ಪಾಠವನ್ನು ಮುಂಜಾನೆಯ ಆಶೀರ್ವಚನ ಅಳಿಸಲಾರದು.

ಕೇಳಿದರೆ ಮನೆಯವರು ಹೇಳುವುದು: "ನಾವು ಕುಡಿಯೋದಿಲ್ರಿ. ಆದರೆ ಬೀಗರು ಕೇಳ್ತಾರೆ, ಗೆಳೆಯರು ಕೇಳ್ತಾರೆ. ಅತಿಥಿಗಳಿಗೆ ಇಷ್ಟವಾದದ್ದನ್ನು ಕೊಡಬೇಡವೇ?" ಮಾತು ದಾಸೋಹದಂತೆಯೇ ಕೇಳಿಸುತ್ತದೆ. ಆದರೆ ವಿಚಿತ್ರ ನೋಡಿ. ಬೇಕು ಎಂದ ಅತಿಥಿಯ ಇಷ್ಟ ನಮಗೆ ಅಪ್ಪಣೆ, ಬೇಡ ಎಂದ ಅತಿಥಿಯ ಇಷ್ಟ ನಮಗೆ ತಮಾಷೆ. ನಿಜವಾಗಿ ಅತಿಥಿಯ ಇಷ್ಟವೇ ನಮಗೆ ದೊಡ್ಡದಾಗಿದ್ದರೆ ಇಬ್ಬರಿಗೂ ಒಂದೇ ಗೌರವ ಸಿಗಬೇಕಿತ್ತು. ಸಿಗುತ್ತಿಲ್ಲವೆಂದರೆ ಅಲ್ಲಿ ನಡೆಯುತ್ತಿರುವುದು ಅತಿಥಿಸೇವೆಯಲ್ಲ, ಪ್ರತಿಷ್ಠೆಯ ಪ್ರದರ್ಶನ. ಯಾವ ಬಾಟಲಿ ತರಿಸಿದ್ದರು, ಅದರ ಬೆಲೆ ಎಷ್ಟು ಎಂಬುದು ಮರುದಿನ ಊರಿನ ಮಾತಾಗಬೇಕು ಎಂಬ ಹಂಬಲ ಅದು.

ಬಸವಣ್ಣನವರ ಸಪ್ತಶೀಲಗಳಲ್ಲಿ ಮದ್ಯದ ಹೆಸರೇ ಇಲ್ಲವಲ್ಲ ಎಂದು ಚತುರತೆ ತೋರುವವರೂ ಉಂಟು. ಹೆಸರಿಲ್ಲ, ನಿಜ. ಆದರೆ ಆ ಏಳನ್ನು ಎದುರಿಗಿಟ್ಟುಕೊಂಡು ಮಾಳಿಗೆಯ ಕೂಟವನ್ನು ನೋಡಿ. ಲೋಟಕ್ಕೆ ಕದ್ದು ಬೆರೆಸಿ ತಂಪು ಪಾನೀಯವೆಂದು ಕೊಟ್ಟದ್ದು ಸುಳ್ಳು. ಬಾಟಲಿಯ ಬೆಲೆ ಹೇಳಿಕೊಂಡದ್ದು ಆತ್ಮಪ್ರಶಂಸೆ. 'ಸ್ವಾಮಿ ಆಗ್ಯಾರ' ಎಂದು ನಕ್ಕದ್ದು ಎದುರಿಗಿದ್ದವನ ನಿಂದೆ. ರಾತ್ರಿ ಹನ್ನೊಂದರ ನಂತರ ಏಳುವ ಜಗಳಗಳಲ್ಲಿ ಕೋಪ. ಒಂದು ಲೋಟದ ಸುತ್ತ ಏಳರಲ್ಲಿ ನಾಲ್ಕು ಶೀಲಗಳು ಮುರಿದು ಬಿದ್ದ ಮೇಲೆ ಹೆಸರು ಹುಡುಕುವ ಕೆಲಸವೇನು? ಅಂತರಂಗ ಶುದ್ಧಿ, ಬಹಿರಂಗ ಶುದ್ಧಿ ಎಂದ ಧರ್ಮದಲ್ಲಿ ಬುದ್ಧಿಯನ್ನು ಮಸುಕು ಮಾಡುವ ವಸ್ತುವಿಗೆ ಬೇರೆ ನಿಷೇಧ ಬರೆಯಬೇಕಾಗಿಲ್ಲ.

ಸ್ವಲ್ಪ ಕುಡಿದರೆ ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತಿಗೂ ಈಗ ಆಧಾರ ಉಳಿದಿಲ್ಲ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದು ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿ ಮದ್ಯ ಇದ್ದು ವಾಹನ ಓಡಿಸಿದರೆ ಮೊದಲ ಸಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ದಂಡದ ಮಾತು ಹಾಗಿರಲಿ. ನಮ್ಮ ಮನೆಯಿಂದ ಹೊರಟ ಬೀಗರು ಮನೆ ಮುಟ್ಟದಿದ್ದರೆ ಅವರ ಹೆಂಡತಿ ಮಕ್ಕಳಿಗೆ ನಾವು ಏನು ಹೇಳುತ್ತೇವೆ?

ಇನ್ನು ಗೊತ್ತಿಲ್ಲದಂತೆ ಮದ್ಯ ಬೆರೆಸಿ ಕೊಡುವುದಂತೂ ಹುಡುಗಾಟವಲ್ಲ, ಅಪರಾಧ. ಕುಡಿತ ಬಿಡಲು ವೈದ್ಯರು ಕೆಲವರಿಗೆ ಡೈಸಲ್ಫಿರಾಮ್ ಎಂಬ ಮಾತ್ರೆ ಕೊಡುತ್ತಾರೆ. ಅದನ್ನು ನುಂಗುತ್ತಿರುವವರ ಹೊಟ್ಟೆಗೆ ಸ್ವಲ್ಪ ಮದ್ಯ ಹೋದರೂ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಹೆಚ್ಚಿ, ರಕ್ತದೊತ್ತಡ ಕುಸಿಯುತ್ತದೆ. ಪ್ರಾಣಕ್ಕೇ ಅಪಾಯವಾಗಬಹುದು. ಪತ್ರ ಬರೆದ ತಾಯಿಯ ಅಣ್ಣನಿಗೆ ವ್ರತ ಹೋಯಿತು. ಬೇರೆ ಮನೆಯಲ್ಲಿ ಜೀವವೇ ಹೋಗಬಹುದಿತ್ತು.

ಹಾಗಾದರೆ ಕೇಳಿದ ಅತಿಥಿಗೆ ಇಲ್ಲ ಎನ್ನುವುದು ಅಗೌರವವಲ್ಲವೇ? ಅಲ್ಲ. ಅತಿಥಿಯ 'ಬೇಡ'ಕ್ಕೆ ಇರುವಷ್ಟೇ ತೂಕ ಮನೆಯವರ 'ಇಲ್ಲ'ಕ್ಕೂ ಇದೆ. ನಮ್ಮಲ್ಲಿ ಏನಿದೆಯೋ ಅದರಲ್ಲಿ ನಿಮಗೆ ಹಿತವಾದದ್ದು ಯಾವುದು ಎಂದು ಕೇಳುವುದು ದಾಸೋಹ. ನಮ್ಮಲ್ಲಿ ಇಲ್ಲದ್ದನ್ನು, ಇರಬಾರದ್ದನ್ನು ತಂದಿಡುವುದು ದಾಸೋಹವಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಹೊಗಳಿ ಒಳಗಿಡಲಿಲ್ಲ, ಹಿಂದಕ್ಕೆ ಹಾಕಿ ಬನ್ನಿ ಎಂದರು. ಮನೆಗೆ ಏನು ಬರಬೇಕು, ಏನು ಬರಬಾರದು ಎಂದು ಹೇಳುವ ಅಧಿಕಾರ ಆ ಮನೆಯ ಹೆಣ್ಣಿಗೆ ಇತ್ತು. ಆ ಅಧಿಕಾರ ನಮ್ಮ ಮನೆಗಳಲ್ಲಿ ಉಳಿದಿದೆಯೇ? ಮಾಳಿಗೆಯ ಕೂಟವನ್ನು ನಿಶ್ಚಯಿಸುವಾಗ ಕೆಳಗಿನ ಅಡುಗೆಮನೆಯನ್ನು ಯಾರಾದರೂ ಕೇಳಿದ್ದಾರೆಯೇ? ಕೂಟ ಮುಗಿದ ಮೇಲೆ ನೆಲ ಒರೆಸುವವರು, ಬೈಗುಳ ಕೇಳುವವರು, ತೊದಲುವ ಗಂಡನನ್ನು ಮಲಗಿಸುವವರು ಅವರೇ. ಖರ್ಚಿನ ಲೆಕ್ಕವೂ ಕೊನೆಗೆ ಅವರ ಸಂಸಾರದಿಂದಲೇ ಕಳೆಯುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಮದ್ಯವನ್ನು ದೂರ ಇಡುವುದು ಬೇರೆ, ಕುಡಿಯುವ ಮನುಷ್ಯನನ್ನು ದೂರ ತಳ್ಳುವುದು ಬೇರೆ. ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನವರು ಇದ್ದಾರೆ. ಹೆಂಡ ಮಾರುತ್ತಿದ್ದ ಆ ಶರಣರ ಹೆಸರಿನಲ್ಲೇ ಹೆಂಡ ಉಳಿದಿದೆ. ಅವರನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ. ಅವರ ವಚನಗಳು ಇಂದಿಗೂ ನಮ್ಮ ಬಳಿ ಇವೆ. ಆದ್ದರಿಂದ ಸಮಾರಂಭಕ್ಕೆ ಬಂದ ಕುಡಿತದ ಅಭ್ಯಾಸವಿರುವ ಬಂಧುವನ್ನು ನಾಲ್ಕು ಜನರ ಎದುರು ಹೀಯಾಳಿಸಿದರೆ ನಾವೂ ಅದೇ ನಿಂದೆಯ ತಪ್ಪನ್ನು ಮಾಡಿದಂತೆ. ಅವನಿಗೂ ಪಕ್ಕದಲ್ಲಿ ಕೂರಿಸಿಕೊಂಡು ಪಾನಕ ಕೊಡೋಣ.

ಹಾಗೆಯೇ ನಾವು ಬೇರೆಯವರ ಮನೆಗೆ ಅತಿಥಿಗಳಾಗಿ ಹೋದಾಗ. ಕೊಡಗಿನ ಕೊಡವರ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವಾಗಲೂ ಮದ್ಯಕ್ಕೆ ಜಾಗವಿದೆ. ವಿದೇಶದಲ್ಲಿರುವ ನಮ್ಮ ಮಕ್ಕಳಿಗೆ ಕಚೇರಿಯ ಔತಣಗಳಲ್ಲಿ ಇದು ದಿನನಿತ್ಯದ ಮಾತು. ಅಲ್ಲಿ ಉಪದೇಶಕ್ಕೆ ಇಳಿಯಬಾರದು. ಮುಖ ಸಿಂಡರಿಸಬಾರದು. "ನನಗೆ ನೀರು ಸಾಕು" ಎಂದು ನಗುಮೊಗದಿಂದ ಒಂದೇ ಸಲ ಹೇಳಿದರೆ ಸಾಕು. ನಮ್ಮ 'ಬೇಡ'ಕ್ಕೆ ಅವರು ಕೊಡುವ ಗೌರವವನ್ನು ನೋಡಿ, ಅದನ್ನು ನಮ್ಮ ಮನೆಗೂ ತರೋಣ.

ಲೋಟದಲ್ಲಿ ಏನಿದೆ ಎಂಬುದರ ಮಾತಾಯಿತು. ಲೋಟ ಯಾವುದು ಎಂಬುದರ ಮಾತು ಉಳಿದಿದೆ. ಅದನ್ನು ಬಿಟ್ಟು ಈ ಲೇಖನ ಮುಗಿಸಿದರೆ ನಾವು ಅಪ್ಪ ಬಸವಣ್ಣನವರಿಗೆ ಮುಖ ತೋರಿಸಲಾರೆವು. ನಮ್ಮ ಎಷ್ಟೋ ಮನೆಗಳಲ್ಲಿ ಬಂಧುಗಳಿಗೆ ಸ್ಟೀಲ್ ಲೋಟ, ಹೊಲದಲ್ಲಿ ದುಡಿಯುವ ದಲಿತ ಬಂಧುಗಳಿಗೆ ಬೇರೆ ಲೋಟ. ಹಿಂದೆ ಅದು ಗೋಡೆಯ ಸಂದಿಯಲ್ಲಿ, ಹಿತ್ತಲಲ್ಲಿ ಇರುತ್ತಿತ್ತು. ಈಗ ಅದರ ಜಾಗಕ್ಕೆ ಕಾಗದದ ಲೋಟ ಬಂದಿದೆ. ಎಲ್ಲರಿಗೂ ಕಾಗದದ ಲೋಟ ಕೊಟ್ಟರೆ ಅದು ಅನುಕೂಲ. ಕೆಲವರಿಗೆ ಮಾತ್ರ ಆರಿಸಿ ಕೊಟ್ಟರೆ ಅದು ಅಸ್ಪೃಶ್ಯತೆ. ಸಂವಿಧಾನದ 17ನೇ ವಿಧಿ ಅದನ್ನು ನಿಷೇಧಿಸಿದೆ. ಅದಕ್ಕೂ ಎಂಟುನೂರು ವರ್ಷ ಮೊದಲೇ ಕಲ್ಯಾಣದ ಶರಣರು ಅದನ್ನು ಮುರಿದಿದ್ದರು. ಅನ್ಯರನ್ನು ಕಂಡು ಅಸಹ್ಯಪಡುವುದೂ ಆ ಏಳು ಶೀಲಗಳಲ್ಲಿ ಒಂದರ ಭಂಗವೇ. ಮದ್ಯ ಮುಟ್ಟದ ಮನೆ ಎಂದು ಬೀಗುವವರು ಹಿತ್ತಲಿನ ಆ ಲೋಟವನ್ನು ಮೊದಲು ಒಳಗೆ ತರಲಿ. ಚಹಾ ಬೇಕೋ ಮಜ್ಜಿಗೆ ಬೇಕೋ ಎಂಬ ಪ್ರಶ್ನೆಯನ್ನು ಹೊಲದಿಂದ ಬಂದವರಿಗೂ ಕೇಳಲಿ. ಅಡುಗೆ ಮಾಡಿದವರಿಗೂ, ಪೆಂಡಾಲು ಹಾಕಿದವರಿಗೂ, ಕಾರಿನ ಚಾಲಕನಿಗೂ ಕೇಳಲಿ. ಇವರೆಲ್ಲ ಕುಡಿಯುವುದು ಸಾಮಾನ್ಯವಾಗಿ ಕೊನೆಗೆ ಉಳಿದ, ಆರಿ ತಣ್ಣಗಾದ ಚಹಾ. ಇವರಿಗೂ ಇಷ್ಟ ಅನಿಷ್ಟಗಳಿವೆ.

ಚಿತ್ತರಗಿ-ಇಳಕಲ್ಲ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳನ್ನು ಈ ಹೊತ್ತಿನಲ್ಲಿ ನೆನೆಯಬೇಕು. ಅವರು ಲಿಂಗೈಕ್ಯರಾದದ್ದು 2018ರಲ್ಲಿ. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ದಶಕಗಳ ಕಾಲ ಅವರು ಜೋಳಿಗೆ ಹಿಡಿದು ಊರೂರು ಅಲೆದು ಕೇಳಿದ್ದು ಕಾಳಲ್ಲ, ಕಾಸಲ್ಲ, ಜನರ ದುಶ್ಚಟಗಳನ್ನು. ಅದೇ ಮಹಾಂತ ಜೋಳಿಗೆ. ಅದರಲ್ಲಿ ನಾವು ಗಮನಿಸಬೇಕಾದದ್ದು ಅವರು ಕೇಳಿದ ರೀತಿ. ಅವರು ಬೆತ್ತ ಹಿಡಿಯಲಿಲ್ಲ, ಶಾಪ ಹಾಕಲಿಲ್ಲ, ಬೇಡಿದರು. ಒಬ್ಬ ಜಂಗಮ ಮನೆಯ ಬಾಗಿಲಿಗೆ ಬಂದು, ನಿನ್ನ ಕುಡಿತವನ್ನು ನನಗೆ ಭಿಕ್ಷೆ ಹಾಕು ಎಂದರೆ ಅದನ್ನು ಹಾಕುವ ಸ್ವಾತಂತ್ರ್ಯ ಆ ಮನುಷ್ಯನದಾಗಿತ್ತು. ಹಾಗೆ ಸ್ವಂತ ಮನಸ್ಸಿನಿಂದ ಹಾಕಿದ ಭಿಕ್ಷೆಯನ್ನು ನಾವು ಗೃಹಪ್ರವೇಶದ ರಾತ್ರಿ ಬಲವಂತದಿಂದ ಹಿಂದಕ್ಕೆ ಕೊಡುತ್ತಿದ್ದೇವೆ. ಜೋಳಿಗೆಗೆ ಕೈ ಹಾಕಿ ಕದಿಯುವುದಕ್ಕೂ ಇದಕ್ಕೂ ಏನು ಅಂತರ?

ಬರಿಯ ಮಾತಿನಿಂದ ಏನೂ ಬದಲಾಗದು. ಈ ಶ್ರಾವಣದಿಂದಲೇ ನಮ್ಮ ಮನೆಗಳಲ್ಲಿ ಮಾಡಬಹುದಾದ ಕೆಲವು ಸರಳ ಕೆಲಸಗಳನ್ನು ಓದುಗರ ಮುಂದಿಡುತ್ತೇವೆ.

ಆಮಂತ್ರಣ ಪತ್ರಿಕೆಯಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಈಗಾಗಲೇ ಅಚ್ಚು ಹಾಕಿಸುತ್ತೇವೆ. ಅದರ ಕೆಳಗೆ 'ಈ ಸಮಾರಂಭದಲ್ಲಿ ಮದ್ಯಕ್ಕೆ ಅವಕಾಶವಿಲ್ಲ' ಎಂದು ಇನ್ನೊಂದು ಸಾಲು ಹಾಕಿಸೋಣ. ಬರುವವರಿಗೆ ಮೊದಲೇ ಗೊತ್ತಾದರೆ ಯಾರಿಗೂ ಮುಜುಗರವಿಲ್ಲ. ಕೇಳುವ ಬೀಗರಿಗೆ ಹೇಳಲು ಮನೆಯವರಿಗೂ ಒಂದು ಆಸರೆ.

ಕುಡಿಯಲು ಇಡುವುದರಲ್ಲಿ ಆಯ್ಕೆ ಇರಲಿ. ಕಾಯಿಸಿ ಆರಿಸಿದ ನೀರು, ಉಪ್ಪು ಹಾಕಿದ ಮತ್ತು ಹಾಕದ ಮಜ್ಜಿಗೆ, ಬೆಲ್ಲದ ಪಾನಕ, ಸಕ್ಕರೆ ಬೆರೆಸದ ಚಹಾ ಅಥವಾ ಕಷಾಯ. ಸಕ್ಕರೆಯನ್ನು ಬೇರೆ ಬಟ್ಟಲಿನಲ್ಲಿ ಇಟ್ಟರೆ ಅರ್ಧ ಸಮಸ್ಯೆ ತೀರಿತು. ಯಾವುದರಲ್ಲಿ ಏನಿದೆ ಎಂದು ಬಡಿಸುವವರಿಗೆ ತಿಳಿದಿರಲಿ, ಕೇಳಿದವರಿಗೆ ನಿಜ ಹೇಳಲಿ.

ಒಂದು ಸಲ ಕೇಳೋಣ. ಕೇಳಿಸಲಿಲ್ಲವೇನೋ ಎನಿಸಿದರೆ ಇನ್ನೊಂದು ಸಲ. ಮೂರನೆಯ ಸಲ ಕೇಳುವುದು ಬೇಡ. ಏಕೆ ಬೇಡ ಎಂದು ಒಮ್ಮೆಯೂ ಕೇಳುವುದು ಬೇಡ. ನಮ್ಮಲ್ಲಿ ಅನೇಕರು ಸಂಕೋಚದಿಂದ ಮೊದಲು ಬೇಡ ಎನ್ನುವುದು ಉಂಟು, ಅದಕ್ಕೇ ಎರಡನೆಯ ಸಲದ ಅವಕಾಶ. ಅತಿಥಿಗಳೂ ಅಷ್ಟೆ. ಬೇಕಿದ್ದರೆ ಬೇಕು ಎನ್ನಲಿ, ಅರ್ಧ ಬೇಕಿದ್ದರೆ ಅರ್ಧ ಎನ್ನಲಿ. ಮನೆಯಲ್ಲಿ ಇಲ್ಲದ್ದನ್ನು ಕೇಳದಿರಲಿ, ಚೀಲದಲ್ಲಿ ಬಾಟಲಿ ಇಟ್ಟುಕೊಂಡು ಬಾರದಿರಲಿ.

ಕುಡಿತ ಬಿಟ್ಟ ಬಂಧು ಸಮಾರಂಭದಲ್ಲಿದ್ದರೆ ಮನೆಯ ಹಿರಿಯರೊಬ್ಬರು ಸದ್ದಿಲ್ಲದೆ ಅವರ ಪಕ್ಕದಲ್ಲಿರಲಿ. ಲೋಟ ಹಿಡಿದು ಬಂದವರಿಗೆ "ಅವರಿಗೆ ಬೇಡ" ಎಂದು ಇವರೇ ಹೇಳಲಿ. ಒಬ್ಬನೇ ಹೇಳುವ 'ಬೇಡ' ಮೂರನೆಯ ಸಲಕ್ಕೆ ಸೋಲುತ್ತದೆ. ಇಬ್ಬರು ಹೇಳಿದರೆ ಅದು ಗಟ್ಟಿ.

ಪೂಜ್ಯರಲ್ಲಿಯೂ ಒಂದು ಬಿನ್ನಹ. ಭಕ್ತರು ಗೃಹಪ್ರವೇಶಕ್ಕೆ, ಮದುವೆಗೆ ದಯಮಾಡಿಸಬೇಕೆಂದು ಕೇಳಲು ಬಂದಾಗ, ಮುಂಜಾನೆಯ ಕಾರ್ಯದ ಜೊತೆಗೆ ಅಂದಿನ ರಾತ್ರಿಯ ಬಗ್ಗೆಯೂ ಒಂದು ಮಾತು ಕೇಳಬೇಕು. ಪೂಜ್ಯರ ಪಾದ ಮುಟ್ಟಿದ ಮನೆಯಲ್ಲಿ ಆ ದಿನವಾದರೂ ಬಾಟಲಿ ಬರುವುದಿಲ್ಲ ಎಂಬ ಮಾತನ್ನು ಪಡೆದು ಹೊರಡಬೇಕು. ಮಠದ ಒಂದು ಮಾತಿಗೆ ಇಂದಿಗೂ ನಮ್ಮ ಊರುಗಳಲ್ಲಿ ಇರುವ ಬೆಲೆ ಯಾವ ಫಲಕಕ್ಕೂ ಇಲ್ಲ.

ಪತ್ರ ಬರೆದ ತಾಯಿಗೆ ನಮ್ಮ ಉತ್ತರ ಇದು. ಅಮ್ಮಾ, ಅದು ಸತ್ಕಾರವಲ್ಲ. ನಿಮ್ಮ ಅಣ್ಣನವರು ಮೂರು ಸಲ ಬೇಡ ಎಂದರು. ಅಷ್ಟರ ಮಟ್ಟಿಗೆ ಅವರು ವ್ರತವನ್ನು ಉಳಿಸಿಕೊಂಡಿದ್ದರು. ಮುರಿದವರು ಅವರಲ್ಲ, ಮೋಸದಿಂದ ಕುಡಿಸಿದವರು. ಆದ್ದರಿಂದ 'ಹೆಂಗೂ ಮುರೀತು' ಎಂದು ಅವರು ಕೈ ಚೆಲ್ಲಬೇಕಾಗಿಲ್ಲ. ಚಟ ಮತ್ತೆ ಹತ್ತಿದರೆ ಅದು ವೈದ್ಯರಿಗೆ ತೋರಿಸಬೇಕಾದ ಕಾಯಿಲೆಯೂ ಹೌದು. ನಾಚಿಕೆ ಪಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ದಿನವೂ ಕುಡಿಯುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ವೈದ್ಯರ ಸಲಹೆಯಂತೆಯೇ ನಡೆಯಿರಿ. ಜೊತೆಗೆ ಈ ಶ್ರಾವಣದಲ್ಲಿ ಒಂದು ಸಂಜೆ ಮಠಕ್ಕೂ ಕರೆತನ್ನಿ. ಜೋಳಿಗೆಗೆ ಒಮ್ಮೆ ಹಾಕಿದ್ದನ್ನು ಎರಡನೆಯ ಸಲ ಹಾಕಬಾರದೆಂಬ ನಿಯಮ ಎಲ್ಲಿಯೂ ಇಲ್ಲ.

ಅವರನ್ನು ಮಾಳಿಗೆಗೆ ಕರೆದವರು ಈ ಸಾಲುಗಳನ್ನು ಓದುತ್ತಿದ್ದರೆ, ಅವರಿಗೂ ಒಂದು ಕೆಲಸ ಉಳಿದಿದೆ. ಆ ಅಣ್ಣನ ಮನೆಗೆ ಹೋಗಿ, ತಪ್ಪಾಯಿತು ಎಂದು ಹೇಳಿ, ಅವರು ಕೊಟ್ಟ ಒಂದು ಲೋಟ ನೀರು ಕುಡಿದು ಬರಲಿ.



— ಸಂಪಾದಕ